ಕಣ್ಣೆದುರು ತೇಲುವ ಚುಕ್ಕೆ, ಎಳೆಗಳು: ಯಾವಾಗ ಸುಮ್ಮನಿರಬಹುದು, ಯಾವಾಗ ಅದೇ ದಿನ ಡಾಕ್ಟರ ಬಳಿ ಹೋಗಬೇಕು?

ಬ್ರಹ್ಮಪುರದ ಶಿಕ್ಷಕ, ಕಲಬುರಗಿ

ಎಲ್ಲರಿಗೂ ಶರಣು. ನನಗೆ 54 ವರ್ಷ. ಹೈಸ್ಕೂಲಿನಲ್ಲಿ ಗಣಿತ ಹೇಳುತ್ತೇನೆ. ಎರಡೂ ಕಣ್ಣಿಗೆ ಮೈನಸ್ ಏಳರ ಆಸುಪಾಸಿನ ಕನ್ನಡಕವಿದೆ. ಸುಣ್ಣ ಹೊಡೆದ ಗೋಡೆಯನ್ನೋ ಮೋಡವಿಲ್ಲದ ಆಕಾಶವನ್ನೋ ನೋಡುವಾಗ ಒಂದೆರಡು ಎಳೆಗಳು ತೇಲಿ ಹೋಗುವುದು ಕಾಲೇಜಿನ ದಿನಗಳಿಂದಲೂ ಕಾಣುತ್ತಿತ್ತು. ಅದಕ್ಕೆ ಎಂದೂ ತಲೆ ಕೆಡಿಸಿಕೊಂಡವನಲ್ಲ. ಆದರೆ ಮೊನ್ನೆ ಸಂಜೆಯಿಂದ ಬಲಗಣ್ಣಿನಲ್ಲಿ ನಡು ಖಾಲಿಯಿರುವ ಉಂಗುರದಂತಹ ಒಂದು ಕಪ್ಪು ಆಕಾರ ಹೊಸದಾಗಿ ಬಂದಿದೆ, ಅದರ ಜೊತೆಗೆ ಸಣ್ಣ ಕಪ್ಪು ಚುಕ್ಕೆಗಳ ಗುಂಪೂ ಇದೆ. ರಾತ್ರಿ ದೀಪ ಆರಿಸಿ ಕಣ್ಣು ಹೊರಳಿಸಿದರೆ ಕಿವಿಯ ಕಡೆಯ ಮೂಲೆಯಲ್ಲಿ ಬಿಲ್ಲಿನಾಕಾರದ ಬೆಳಕೊಂದು ಹೊಳೆದು ಮಾಯವಾಗುತ್ತದೆ. ನೋವಿಲ್ಲ, ಕೆಂಪಿಲ್ಲ, ಬೋರ್ಡಿನ ಮೇಲಿನ ಅಕ್ಷರಗಳು ಎಂದಿನಂತೆಯೇ ಕಾಣುತ್ತವೆ. ಕನ್ನಡಕದ ಅಂಗಡಿಯವರು ವಯಸ್ಸಿನ ಲಕ್ಷಣ ಎಂದರು. ಸಹೋದ್ಯೋಗಿಯೊಬ್ಬರ ಮಾತಿನಂತೆ ಬಿಪಿ ನೋಡಿಸಿದೆ, ಸರಿಯಾಗಿಯೇ ಇದೆ. ಬೇಸಿಗೆ ರಜೆಯಲ್ಲಿ ಹೇಗೂ ಹೈದರಾಬಾದಿಗೆ ಹೋಗುವುದಿದೆ. ಆಗ ಅಲ್ಲಿನ ದೊಡ್ಡ ಆಸ್ಪತ್ರೆಯಲ್ಲಿ ತೋರಿಸಿದರೆ ಸಾಕೆ?

ಹುಮನಾಬಾದ್ ರಸ್ತೆಯ ಓದುಗ

ಗುರುಗಳೇ, ಇದು ಬಹುತೇಕ ಎಲ್ಲರಿಗೂ ಇರುವಂಥದ್ದು. ನಮ್ಮ ತಂದೆಯವರು "ಕಣ್ಣ ಮುಂದ ಸೊಳ್ಳಿ ಹಾರ್ತಾವ" ಎಂದು ಎಷ್ಟೋ ವರ್ಷಗಳಿಂದ ಹೇಳುತ್ತಿದ್ದಾರೆ. ಇಂದಿಗೂ ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುತ್ತಾರೆ. ಅಲಕ್ಷಿಸಿದರೆ ತಾನೇ ಮರೆತುಹೋಗುತ್ತದೆ.

ನೇತ್ರ ತಪಾಸಕಿ, ಕಲಬುರಗಿ

ಮೇಲಿನವರ ತಂದೆಯವರ ವಿಷಯದಲ್ಲಿ ಆ ಮಾತು ಸರಿ. ಶಿಕ್ಷಕರ ವಿಷಯದಲ್ಲಿ ಸರಿಯಲ್ಲ. ಸರ್, ನೀವು ರಜೆಯವರೆಗೆ ಕಾಯಬೇಡಿ, ನಾಳೆಯವರೆಗೂ ಬೇಡ. ಇಂದೇ ಕಣ್ಣಿನ ಡಾಕ್ಟರ ಬಳಿಗೆ ಹೋಗಿ, ಪಾಪೆ ಹಿಗ್ಗಿಸುವ ಹನಿ ಹಾಕಿಸಿಕೊಂಡು ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ಪದರವಾದ ರೆಟಿನಾದ ಅಂಚಿನವರೆಗೂ ಪರೀಕ್ಷೆ ಮಾಡಿಸಿಕೊಳ್ಳಿ. ಇಷ್ಟು ಅವಸರ ಏಕೆ ಎಂಬುದು ತಿಳಿಯಬೇಕಾದರೆ ಕಣ್ಣಿನೊಳಗೆ ಏನು ನಡೆಯುತ್ತಿದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗುತ್ತದೆ.

ಕಣ್ಣಿನ ಗೋಲದ ಬಹುಭಾಗವನ್ನು ವಿಟ್ರಿಯಸ್ ಎಂಬ ಪಾರದರ್ಶಕ ಲೋಳೆ ತುಂಬಿಕೊಂಡಿರುತ್ತದೆ. ಅದರ ಪ್ರಮಾಣ ಸುಮಾರು 4 ಮಿಲಿಲೀಟರ್. ಅದರಲ್ಲಿ ಶೇಕಡಾ 98ಕ್ಕಿಂತ ಹೆಚ್ಚು ನೀರು, ಉಳಿದದ್ದು ಮುಖ್ಯವಾಗಿ ಕೊಲಾಜನ್ ಎಂಬ ನವಿರಾದ ನಾರುಗಳು ಮತ್ತು ಹಯಲುರೋನಿಕ್ ಆಮ್ಲ. ವಯಸ್ಸಾಗುತ್ತ ಬಂದಂತೆ ಈ ಲೋಳೆ ಅಲ್ಲಲ್ಲಿ ನೀರಾಗುತ್ತದೆ, ನಾರುಗಳು ಒಂದಕ್ಕೊಂದು ಅಂಟಿಕೊಂಡು ಗಂಟಾಗುತ್ತವೆ. ಆ ಗಂಟುಗಳ ನೆರಳು ಹಿಂದಿನ ರೆಟಿನಾದ ಮೇಲೆ ಬೀಳುತ್ತದೆ. ನಾವು ಚುಕ್ಕೆ, ಎಳೆ, ಜೇಡರ ಬಲೆ ಎಂದು ನೋಡುವುದು ಆ ನೆರಳನ್ನೇ; ಇವಕ್ಕೆ ಫ್ಲೋಟರ್ ಎನ್ನುತ್ತಾರೆ. ಕಣ್ಣು ತಿರುಗಿದತ್ತ ಅವೂ ತಿರುಗುತ್ತವೆ, ಕಣ್ಣು ನಿಂತ ಮೇಲೂ ಕ್ಷಣಕಾಲ ತೇಲುತ್ತವೆ, ನೇರವಾಗಿ ನೋಡಲು ಹೋದರೆ ಜಾರಿಕೊಳ್ಳುತ್ತವೆ. ಈ ಮಟ್ಟದ ಫ್ಲೋಟರ್‌ಗಳಿಂದ ದೃಷ್ಟಿಗೆ ಕೇಡಿಲ್ಲ.

ಮುಂದೊಂದು ದಿನ, ಹೆಚ್ಚಾಗಿ 50ರಿಂದ 70ರ ವಯಸ್ಸಿನ ನಡುವೆ, ಕುಗ್ಗಿದ ವಿಟ್ರಿಯಸ್ ರೆಟಿನಾದ ಮೇಲ್ಮೈಯಿಂದ ಬಿಟ್ಟುಕೊಳ್ಳುತ್ತದೆ. ಮೈನಸ್ ನಂಬರು ಹೆಚ್ಚಿರುವವರಲ್ಲಿ ಮತ್ತು ಮೋತಿಬಿಂದು ಆಪರೇಷನ್ ಆದವರಲ್ಲಿ ಇದು ಇನ್ನೂ ಬೇಗ ಆಗಬಹುದು. ದೃಷ್ಟಿನರ ಕಣ್ಣನ್ನು ಸೇರುವ ಜಾಗದ ಸುತ್ತ ಅಂಟಿಕೊಂಡಿದ್ದ ಪದರ ಕಳಚಿ ಬಂದಾಗ ಅದು ಉಂಗುರವಾಗಿಯೇ ತೇಲುತ್ತದೆ. ವೈದ್ಯರು ಅದನ್ನು ವೈಸ್ ಉಂಗುರ ಎನ್ನುತ್ತಾರೆ. ನೀವು ಬರೆದಿರುವುದು ಬಹುಶಃ ಅದೇ. ಬಿಟ್ಟುಕೊಳ್ಳುವಾಗ ವಿಟ್ರಿಯಸ್ ರೆಟಿನಾವನ್ನು ಜಗ್ಗುತ್ತದೆ. ರೆಟಿನಾಕ್ಕೆ ನೋವು ತಿಳಿಯುವ ನರಗಳಿಲ್ಲ. ಅದನ್ನು ಜಗ್ಗಿದರೂ ಒತ್ತಿದರೂ ಮಿದುಳಿಗೆ ಹೋಗುವ ಸುದ್ದಿ ಬೆಳಕು ಎಂದೇ. ಮೂಲೆಯಲ್ಲಿ ಮಿಂಚುವುದು ಇದರಿಂದ.

ಬಹುತೇಕ ಜನರಲ್ಲಿ ಈ ಕಳಚುವಿಕೆ ಯಾವ ಹಾನಿಯನ್ನೂ ಮಾಡದೆ ಮುಗಿಯುತ್ತದೆ. ಆದರೆ ಹೀಗೆ ಹಠಾತ್ತಾಗಿ ಲಕ್ಷಣ ಕಾಣಿಸಿಕೊಂಡ ನೂರು ಜನರಲ್ಲಿ ಸುಮಾರು 10ರಿಂದ 15 ಜನರಿಗೆ, ವಿಟ್ರಿಯಸ್ ಗಟ್ಟಿಯಾಗಿ ಅಂಟಿಕೊಂಡಿದ್ದ ಜಾಗದಲ್ಲಿ ರೆಟಿನಾ ಹರಿದಿರುತ್ತದೆ. ಹರಿದ ಬಾಯಿಯ ಮೂಲಕ ಕಣ್ಣೊಳಗಿನ ನೀರು ರೆಟಿನಾದ ಹಿಂದಕ್ಕೆ ಹೊಕ್ಕರೆ, ಗೋಡೆಯ ಗಿಲಾವಿನೊಳಗೆ ಮಳೆನೀರು ಹೊಕ್ಕು ಉಬ್ಬಿಸುವಂತೆ, ರೆಟಿನಾ ತನ್ನ ಹಿಂದಿನ ಪದರದಿಂದ ಎದ್ದು ಬರುತ್ತದೆ. ಹರಿದ ಹಂತದಲ್ಲೇ ಸಿಕ್ಕರೆ ಹೊರರೋಗಿಯಾಗಿಯೇ ಲೇಸರ್ ಮಾಡಿಸಿಕೊಂಡು ಮನೆಗೆ ಹೋಗಬಹುದು. ಎದ್ದುಬಂದ ಮೇಲೆ ಆಪರೇಷನ್ನೇ ಬೇಕು. ಅಕ್ಷರ ಸ್ಪಷ್ಟವಾಗಿ ಕಾಣುತ್ತದೆ ಎಂದು ಧೈರ್ಯ ತಾಳಬೇಡಿ. ಹರಕು ಸಾಮಾನ್ಯವಾಗಿ ಅಂಚಿನಲ್ಲಿರುತ್ತದೆ, ಅಕ್ಷರ ಓದುವುದು ರೆಟಿನಾದ ನಡುವಿನ ಮ್ಯಾಕ್ಯುಲಾ ಎಂಬ ಭಾಗ. ಅಂಚಿನಲ್ಲಿ ಅನಾಹುತವಾಗುತ್ತಿದ್ದರೂ ಬೋರ್ಡಿನ ಅಕ್ಷರ ಕೆಡುವುದಿಲ್ಲ.

ಬ್ರಹ್ಮಪುರದ ಶಿಕ್ಷಕ

ಇಷ್ಟು ಬಿಡಿಸಿ ಹೇಳಿದ್ದಕ್ಕೆ ಕೃತಜ್ಞತೆಗಳು, ಮೇಡಂ. ಮಧ್ಯಾಹ್ನ ಶಾಲೆ ಬಿಟ್ಟ ಕೂಡಲೇ ಹೋಗುತ್ತೇನೆ. ಒಂದೇ ಪ್ರಶ್ನೆ: ಊರಲ್ಲೇ ತೋರಿಸಬೇಕೋ, ನೇರವಾಗಿ ಹೈದರಾಬಾದ್ ಅಥವಾ ಸೊಲ್ಲಾಪುರದ ಬಸ್ಸು ಹತ್ತಬೇಕೋ?

ನೇತ್ರ ತಪಾಸಕಿ, ಕಲಬುರಗಿ

ಊರಲ್ಲೇ ತೋರಿಸಿ. ಮೊದಲು ಬೇಕಿರುವುದು ಹರಿದಿದೆಯೋ ಇಲ್ಲವೋ ಎಂಬ ಉತ್ತರ. ನಮ್ಮಲ್ಲಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ, ಅಲ್ಲಿ ನೇತ್ರ ವಿಭಾಗಗಳಿವೆ. ಬೀದರಿನಲ್ಲೂ ಯಾದಗಿರಿಯಲ್ಲೂ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ದೊಡ್ಡ ಚಿಕಿತ್ಸೆ ಬೇಕೆಂದಾದರೆ ಎಲ್ಲಿಗೆ, ಎಷ್ಟು ಬೇಗ ಹೋಗಬೇಕು ಎಂದು ಬರೆದುಕೊಡುವವರು ಆ ಡಾಕ್ಟರೇ. ಕೌಂಟರಿನಲ್ಲಿ "ಕಣ್ಣು ತೋರಿಸಬೇಕು" ಎಂದಷ್ಟೇ ಹೇಳಿದರೆ ಕನ್ನಡಕದ ನಂಬರಿನ ಸರದಿಯಲ್ಲಿ ಕೂರಿಸುತ್ತಾರೆ. "ಒಂದೇ ಕಣ್ಣಿನಲ್ಲಿ ಹಠಾತ್ತಾಗಿ ಹೊಸ ಚುಕ್ಕೆಗಳು, ಜೊತೆಗೆ ಮಿಂಚು" ಎಂದು ಬಾಯಿ ಬಿಟ್ಟು ಹೇಳಿ. ಬೈಕ್ ಬೇಡ, ಯಾರನ್ನಾದರೂ ಜೊತೆಗೆ ಕರೆದುಕೊಂಡು ಹೋಗಿ. ಹನಿ ಹಾಕಿದ ಮೇಲೆ ನಾಲ್ಕಾರು ಗಂಟೆ ಹತ್ತಿರದ್ದು ಮಸುಕಾಗಿರುತ್ತದೆ, ನಮ್ಮೂರಿನ ಬಿಸಿಲಂತೂ ಆ ಕಣ್ಣಿಗೆ ತಡೆಯುವುದಿಲ್ಲ. ಕಪ್ಪು ಕನ್ನಡಕವಿದ್ದರೆ ಜೇಬಿನಲ್ಲಿರಲಿ.

ಬೀದರಿನ ಗೃಹಿಣಿ

ಅಣ್ಣಾವರೇ, ದಯವಿಟ್ಟು ತಡ ಮಾಡಬೇಡಿ. ನಮ್ಮ ಮನೆಯವರಿಗೆ ಇದೇ ರೀತಿ ಶುರುವಾಗಿತ್ತು. ತೋರಿಸಿದ ಕಡೆ ಮಷೀನಿನಲ್ಲಿ ನಂಬರು ನೋಡಿ, ಪಾಪೆ ಹಿಗ್ಗಿಸದೆಯೇ ಹೊಸ ಕನ್ನಡಕ ಬರೆದುಕೊಟ್ಟರು. ಮುಂದಿನ ವಾರದೊಳಗೆ ಮೂಗಿನ ಕಡೆಯ ಮೂಲೆಯಿಂದ ಒಂದು ನೆರಳು ಏರತೊಡಗಿತು. ಅವರು ಅದನ್ನು ರೆಪ್ಪೆ ಊದಿದೆ ಎಂದೇ ತಿಳಿದು ಮುಖ ತೊಳೆಯುತ್ತಿದ್ದರು. ಊಟಕ್ಕೆ ಕೂತಾಗ ತಟ್ಟೆಯ ಒಂದು ಬದಿಯಲ್ಲಿದ್ದ ಪಲ್ಯ ಕಾಣುತ್ತಿಲ್ಲ ಎಂದ ಮೇಲೆ ನಾನು ಹಟ ಹಿಡಿದು ಹೈದರಾಬಾದಿಗೆ ಕರೆದುಕೊಂಡು ಹೋದೆ. ಅಷ್ಟರಲ್ಲಿ ರೆಟಿನಾ ನಡುವಿನ ಭಾಗದವರೆಗೂ ಎದ್ದಿತ್ತು. ಆಪರೇಷನ್ ಮಾಡಿ ಕೂರಿಸಿದರು, ಕಣ್ಣು ಉಳಿಯಿತು. ಆದರೆ ಆ ಕಣ್ಣಿನಲ್ಲಿ ಇಂದಿಗೂ ಬಾಗಿಲಿನ ಚೌಕಟ್ಟು ಸೊಟ್ಟಗೆ ಕಾಣುತ್ತದೆ.

ನಾನು ಎಲ್ಲರಿಗೂ ಹೇಳುವುದು ಒಂದೇ. ಎರಡೂ ಕಣ್ಣು ತೆರೆದಿದ್ದಾಗ ಒಂದರ ಕೊರತೆಯನ್ನು ಇನ್ನೊಂದು ಮುಚ್ಚಿಬಿಡುತ್ತದೆ. ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ, ಎದುರಿನವರ ಮೂಗನ್ನೇ ದಿಟ್ಟಿಸಿ, ಅವರು ನಾಲ್ಕೂ ಕಡೆಯಿಂದ ಬೆರಳಾಡಿಸಿದರೆ ಕಾಣುತ್ತದೆಯೇ ನೋಡಿ. ಆಮೇಲೆ ಇನ್ನೊಂದು ಕಣ್ಣು. ಇದನ್ನು ಕಲಿಸಿದವರು ಆ ಆಸ್ಪತ್ರೆಯ ನರ್ಸ್.

ನೇತ್ರ ತಪಾಸಕಿ, ಕಲಬುರಗಿ

ಅಕ್ಕನವರ ಮಾತಿಗೆ ಒಂದನ್ನು ಸೇರಿಸುತ್ತೇನೆ. ಬೆರಳಾಡಿಸಿ ನೋಡುವುದು ನೆರಳು ಬಂದಿದೆಯೇ ಎಂದು ತಿಳಿಯಲು ಮಾತ್ರ. ಎಲ್ಲವೂ ಕಂಡರೆ ರೆಟಿನಾ ಹರಿದಿಲ್ಲ ಎಂದು ಅರ್ಥವಲ್ಲ. ಹಾಗೆಯೇ, ನೆರಳು ಕಂಡರೆ ಅದು ತುರ್ತು ಸ್ಥಿತಿ: ಮ್ಯಾಕ್ಯುಲಾ ಏಳುವ ಮೊದಲೇ ಆಪರೇಷನ್ ಆದವರಲ್ಲಿ ಓದುವ ದೃಷ್ಟಿ ಬಹುಮಟ್ಟಿಗೆ ಉಳಿಯುತ್ತದೆ, ಎದ್ದ ಮೇಲೆ ಆದರೆ ಪೂರ್ತಿ ಮರಳುವುದು ಕಷ್ಟ.

ಬ್ರಹ್ಮಪುರದ ಶಿಕ್ಷಕ

ತೋರಿಸಿಕೊಂಡು ಬಂದೆ. ಬಲಗಣ್ಣಿನ ಮೇಲ್ಭಾಗದಲ್ಲಿ, ಕಿವಿಯ ಕಡೆಗೆ, ಕುದುರೆ ಲಾಳದ ಆಕಾರದ ಸಣ್ಣ ಹರಕು ಇದೆ ಎಂದರು. ನೀರು ಇನ್ನೂ ಹೊಕ್ಕಿರಲಿಲ್ಲ. ಅಂದೇ ಲೇಸರ್ ಮಾಡಿದರು. ಮುಂದೆ ಹೋಗುವವರಿಗೆ ಭಯ ಕಡಿಮೆಯಾಗಲಿ ಎಂದು ನಡೆದದ್ದನ್ನು ಬರೆಯುತ್ತೇನೆ.

ಹನಿಗಳನ್ನು ಮತ್ತೆ ಮತ್ತೆ ಹಾಕಿ ಪಾಪೆ ಹಿಗ್ಗುವವರೆಗೆ ಬೆಂಚಿನ ಮೇಲೆ ಕೂರಿಸಿದರು. ಆಮೇಲೆ ಅಂಗಾತ ಮಲಗಿಸಿ, ಡಾಕ್ಟರು ತಲೆಗೆ ದೀಪವಿರುವ ಪಟ್ಟಿ ಕಟ್ಟಿಕೊಂಡು, ಕೈಯಲ್ಲೊಂದು ಮಸೂರ ಹಿಡಿದು, ಮೇಲೆ ನೋಡಿ, ಕೆಳಗೆ ನೋಡಿ, ಕಿವಿಯ ಕಡೆ ನೋಡಿ ಎಂದು ಒಂದೊಂದೇ ದಿಕ್ಕನ್ನು ಪರೀಕ್ಷಿಸಿದರು. ಅಂಚು ಕಾಣಬೇಕೆಂದು ರೆಪ್ಪೆಯ ಮೇಲಿನಿಂದ ಲೋಹದ ಸಣ್ಣ ಕಡ್ಡಿಯಿಂದ ಒತ್ತುತ್ತಾರೆ. ನಿಜ ಹೇಳಬೇಕೆಂದರೆ ಲೇಸರಿಗಿಂತ ಕಸಿವಿಸಿಯಾದದ್ದು ಅದೇ. ಲೇಸರಿಗೆ ಮರಗಟ್ಟಿಸುವ ಹನಿ ಹಾಕಿ, ಕಣ್ಣಿಗೆ ಒಂದು ಗಾಜಿನ ಮಸೂರ ತಾಗಿಸಿ, ಗಲ್ಲವನ್ನು ಚೌಕಟ್ಟಿನ ಮೇಲೆ ಇರಿಸಿ ಅಲುಗಾಡದೆ ಕೂರಲು ಹೇಳಿದರು. ಹಸಿರು ಬೆಳಕು ಟಿಕ್ ಟಿಕ್ ಎಂದು ಬೀಳುತ್ತ ಹೋಗುತ್ತದೆ, ಕೆಲವು ಕಡೆ ಚುಚ್ಚಿದಂತಾಗುತ್ತದೆ. ಹರಕಿನ ಸುತ್ತ ಸಾಲು ಸಾಲಾಗಿ ಸುಟ್ಟು ಬೇಲಿ ಹಾಕುವುದಷ್ಟೇ ಇದರ ಕೆಲಸವಂತೆ, ಹರಕು ಹೊಲಿದಂತೆ ಮುಚ್ಚುವುದಿಲ್ಲವಂತೆ. ಆ ಗಾಯ ಗಟ್ಟಿಯಾಗಿ ಅಂಟಿಕೊಳ್ಳಲು ಎರಡು ವಾರ ಬೇಕು, ಅಲ್ಲಿಯವರೆಗೆ ಭಾರ ಎತ್ತುವುದು, ಜಿಗಿಯುವುದು ಬೇಡ ಎಂದರು. ಉಂಗುರ ಹಾಗೆಯೇ ತೇಲುತ್ತಿದೆ. ಲೇಸರ್ ಅದಕ್ಕಾಗಿ ಮಾಡಿದ್ದಲ್ಲ ಎಂದು ಮೊದಲೇ ಹೇಳಿದ್ದರು.

ನೇತ್ರ ವೈದ್ಯೆ (ನಿವೃತ್ತ)

ಸಕಾಲಕ್ಕೆ ಹೋದಿರಿ. ಲಕ್ಷಣಗಳೊಡನೆ ಬಂದ ಇಂತಹ ಲಾಳಾಕಾರದ ಹರಕನ್ನು ಹಾಗೆಯೇ ಬಿಟ್ಟರೆ ಸುಮಾರು ಅರ್ಧದಷ್ಟು ಜನರಲ್ಲಿ ರೆಟಿನಾ ಕಳಚುತ್ತದೆ. ಲೇಸರ್ ಆದವರಲ್ಲಿ ಆ ಅಪಾಯ ಶೇಕಡಾ 5ಕ್ಕಿಂತ ಕೆಳಗಿಳಿಯುತ್ತದೆ. ಹರಕಿಗೂ ರೆಟಿನಾ ಕಳಚುವುದಕ್ಕೂ ಇರುವ ಈ ನಂಟನ್ನು ಹಿಡಿದು, ಹರಕನ್ನು ಮುಚ್ಚಿದರೆ ಕಣ್ಣು ಉಳಿಯುತ್ತದೆ ಎಂದು 1920ರ ದಶಕದಲ್ಲಿ ತೋರಿಸಿಕೊಟ್ಟವರು ಸ್ವಿಟ್ಜರ್ಲೆಂಡಿನ ಜೂಲ್ಸ್ ಗೋನಿನ್. ಅದಕ್ಕೂ ಮೊದಲು ರೆಟಿನಾ ಕಳಚಿದವರು ಬಹುತೇಕ ಕುರುಡರಾಗುತ್ತಿದ್ದರು. ನೀವು ಕಂಡ ತಲೆಪಟ್ಟಿಯ ದೀಪದ ಉಪಕರಣವನ್ನು ಚಾರ್ಲ್ಸ್ ಶೆಪೆನ್ಸ್ 1940ರ ದಶಕದಲ್ಲಿ ರೂಪಿಸಿದರು. ರೆಟಿನಾದ ಅಂಚಿನವರೆಗೂ ಎರಡು ಕಣ್ಣಿಂದ ನೋಡುವುದು ಸಾಧ್ಯವಾದದ್ದು ಅದರಿಂದ.

ಇನ್ನೊಂದು ಮಾತು, ಶಿಕ್ಷಕರಿಗಷ್ಟೇ ಅಲ್ಲ, ಹರಕಿಲ್ಲ ಎಂದು ಹೇಳಿಸಿಕೊಂಡು ಮನೆಗೆ ಹೋದವರಿಗೂ. ವಿಟ್ರಿಯಸ್ ಒಂದೇ ದಿನದಲ್ಲಿ ಪೂರ್ತಿ ಕಳಚುವುದಿಲ್ಲ. ಮೊದಲ ಪರೀಕ್ಷೆ ಸರಿಯಿದ್ದ ಕೆಲವರಲ್ಲಿ ನಂತರದ ವಾರಗಳಲ್ಲಿ ಹರಕು ಬರುವುದುಂಟು. ಆದ್ದರಿಂದ ಸಾಮಾನ್ಯವಾಗಿ 4ರಿಂದ 6 ವಾರಗಳ ನಂತರ ಮತ್ತೊಮ್ಮೆ ಬರಲು ಹೇಳುತ್ತೇವೆ. ನಮ್ಮ ಜನ ಅದಕ್ಕೆ ಬರುವುದೇ ಇಲ್ಲ.

ಶಹಾಬಾದಿನಿಂದ ಒಬ್ಬರು

ನಮ್ಮ ಕಡೆ ಫರ್ಸಿ ಕಲ್ಲಿನ ಖಣಿಗಳಲ್ಲಿ, ಪಾಲಿಶ್ ಕಾರ್ಖಾನೆಗಳಲ್ಲಿ ಕೆಲಸ ಮಾಡುವವರು ಬಹಳ. ಕಣ್ಣಿಗೆ ಚೂರು ಸಿಡಿಯುವುದು ಅವರಿಗೆ ನಿತ್ಯದ ಮಾತು. ಹುಡುಗನೊಬ್ಬ ಸುತ್ತಿಗೆಯಿಂದ ಚಾಣದ ಮೇಲೆ ಹೊಡೆಯುವಾಗ ಏನೋ ಕಣ್ಣಿಗೆ ತಾಗಿತೆಂದು ಉಜ್ಜಿಕೊಂಡು ಕೆಲಸ ಮುಂದುವರಿಸಿದ. ಸಂಜೆಗೆ ಕಣ್ಣ ಮುಂದೆ ಕಪ್ಪು ಎಳೆಗಳು ಎನ್ನತೊಡಗಿದ. ಹೊರಗಿನಿಂದ ನೋಡಿದರೆ ಕಣ್ಣು ಸ್ವಲ್ಪ ಕೆಂಪಗಿತ್ತು, ಅಷ್ಟೇ. ಇದು ಕೂಡ ಇದೇ ಗುಂಪಿಗೆ ಸೇರುತ್ತದೆಯೇ?

ನೇತ್ರ ವೈದ್ಯೆ (ನಿವೃತ್ತ)

ಇದು ಇನ್ನೂ ಅವಸರದ್ದು. ಲೋಹಕ್ಕೆ ಲೋಹ ಬಡಿದಾಗ ಸಿಡಿಯುವ ಚೂರು ಎಷ್ಟು ಸಣ್ಣದು, ಎಷ್ಟು ವೇಗದ್ದು ಎಂದರೆ ಅದು ಕಣ್ಣಿನ ಗೋಲವನ್ನು ತೂರಿ ಒಳಗೆ ನಿಂತರೂ ಹೊರಗೆ ಗುಂಡುಸೂಜಿಯ ಮೊನೆಯಷ್ಟು ಗಾಯ ಕಾಣದಿರಬಹುದು. ಆಮೇಲೆ ಕಾಣುವ ಕಪ್ಪು ಎಳೆಗಳು ಒಳಗೆ ರಕ್ತ ಸೋರಿದ್ದರ ಗುರುತಾಗಿರಬಹುದು. ಕಬ್ಬಿಣದ ಚೂರು ಒಳಗೇ ಉಳಿದರೆ ತುಕ್ಕಿನಂಶ ರೆಟಿನಾವನ್ನು ನಿಧಾನವಾಗಿ ಹಾಳುಮಾಡುತ್ತದೆ, ಸೋಂಕಾದರೆ ಕೆಲವೇ ದಿನಗಳಲ್ಲಿ ಕಣ್ಣು ಹೋಗುತ್ತದೆ. ಕಣ್ಣು ಉಜ್ಜಬಾರದು, ಒತ್ತಬಾರದು, ಎಣ್ಣೆ, ಜೇನುತುಪ್ಪ, ಎದೆಹಾಲು ಯಾವುದನ್ನೂ ಹಾಕಬಾರದು. ಒತ್ತಡ ಬೀಳದಂತೆ ಮೇಲೊಂದು ಗಟ್ಟಿ ಮುಚ್ಚಳ ಕಟ್ಟಿ ಅದೇ ದಿನ ಆಸ್ಪತ್ರೆಗೆ ಕರೆತರಬೇಕು, ಕೆಲಸ ಏನು ಮಾಡುತ್ತಿದ್ದ ಎಂಬುದನ್ನು ಡಾಕ್ಟರಿಗೆ ಹೇಳಬೇಕು. ಲೋಹದ ಅನುಮಾನವಿದ್ದರೆ ಸಿಟಿ ಸ್ಕ್ಯಾನ್ ಮಾಡಿಸುತ್ತಾರೆ. ಎಂಆರ್‌ಐ ಕೂಡದು, ಅದರ ಅಯಸ್ಕಾಂತ ಒಳಗಿನ ಚೂರನ್ನು ಕದಲಿಸಬಹುದು. ಕಲ್ಲು ಕಡಿಯುವವರಿಗೆ ಕಣ್ಣಿನ ಗಾಗಲ್ ಕೊಡಿಸುವುದು ಮಾಲೀಕರಿಗೆ ಅಷ್ಟು ದೊಡ್ಡ ಖರ್ಚೇನೂ ಅಲ್ಲ.

ಗಟ್ಟಿ ಚೆಂಡು ಅಥವಾ ಗುದ್ದು ತಗುಲಿ ಕೆಲವು ವಾರಗಳ ನಂತರ ಚುಕ್ಕೆಗಳು ಬಂದರೂ ತೋರಿಸಲೇಬೇಕು. ಪೆಟ್ಟಿನಿಂದಾದ ಹರಕು ತಡವಾಗಿಯೂ ತೊಂದರೆ ಕೊಡುತ್ತದೆ.

ಯಾದಗಿರಿಯ ಓದುಗ

ನಮ್ಮ ಅವ್ವನಿಗೆ ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ. ಬೆಳಿಗ್ಗೆ ಎದ್ದಾಗ ಒಂದು ಕಣ್ಣಿನಲ್ಲಿ ಕೆಂಪು ಹೊಗೆ ಆಡಿದಂತೆ, ಆಮೇಲೆ ಕಪ್ಪು ಬಲೆ ಇಳಿಬಿದ್ದಂತೆ ಕಾಣುತ್ತದೆ ಎನ್ನುತ್ತಾರೆ. ಮೋತಿಬಿಂದು ಬಲಿತಿರಬೇಕು, ಮುಂದಿನ ಶಿಬಿರದಲ್ಲಿ ತೋರಿಸೋಣ ಎಂದು ಮನೆಯಲ್ಲಿ ಹೇಳುತ್ತಿದ್ದಾರೆ.

ನೇತ್ರ ವೈದ್ಯೆ (ನಿವೃತ್ತ)

ಮೋತಿಬಿಂದು ಹೀಗೆ ಒಂದು ರಾತ್ರಿಯಲ್ಲಿ ಬರುವುದಿಲ್ಲ, ತೇಲುವುದೂ ಇಲ್ಲ. ನಮ್ಮ ನಾಡಿನಲ್ಲಿ ಡಾ. ಎಂ. ಸಿ. ಮೋದಿಯವರಂಥವರು ಊರೂರಿಗೆ ಹೋಗಿ ಶಿಬಿರ ಮಾಡಿ ಲಕ್ಷಾಂತರ ಜನರಿಗೆ ದೃಷ್ಟಿ ಕೊಟ್ಟರು. ಕಣ್ಣಿನ ತೊಂದರೆ ಎಂದರೆ ಮೋತಿಬಿಂದು, ಚಿಕಿತ್ಸೆ ಎಂದರೆ ಶಿಬಿರ ಎಂಬ ನಂಬಿಕೆ ಮನೆಮನೆಯಲ್ಲಿ ಬೇರೂರಲು ಆ ಪುಣ್ಯದ ಕೆಲಸವೂ ಒಂದು ಕಾರಣವಾಯಿತೇನೋ ಎಂದು ನನಗೆ ಆಗಾಗ ಅನ್ನಿಸುತ್ತದೆ. ರೆಟಿನಾದ ಕಾಯಿಲೆಗಳು ಶಿಬಿರದ ತಾರೀಖಿಗೆ ಕಾಯುವುದಿಲ್ಲ.

ನಿಮ್ಮ ತಾಯಿಯವರಿಗೆ ಆಗಿರುವುದು ವಿಟ್ರಿಯಸ್ ಒಳಗೆ ರಕ್ತಸ್ರಾವ ಆಗಿರುವ ಸಾಧ್ಯತೆ ಹೆಚ್ಚು. ಸಕ್ಕರೆ ಬಹುಕಾಲ ಹತೋಟಿ ತಪ್ಪಿದಾಗ ರೆಟಿನಾದ ಸಣ್ಣ ರಕ್ತನಾಳಗಳು ಮುಚ್ಚುತ್ತವೆ, ರಕ್ತ ಸಾಲದ ರೆಟಿನಾ ಹೊಸ ನಾಳಗಳನ್ನು ಚಿಗುರಿಸುತ್ತದೆ. ಆ ನಾಳಗಳು ಬಲವಿಲ್ಲದವು, ಸುಲಭವಾಗಿ ಒಡೆಯುತ್ತವೆ. ಈ ವಾರವೇ ಎನ್ನುವುದೂ ತಡ, ನಾಳೆ ಬೆಳಿಗ್ಗೆ ಕರೆದೊಯ್ಯಿರಿ. ರಕ್ತ ಅಡ್ಡ ಬಂದು ರೆಟಿನಾ ಕಾಣದಿದ್ದರೆ ಬಿ-ಸ್ಕ್ಯಾನ್ ಎಂಬ ಕಣ್ಣಿನ ಸೋನೋಗ್ರಫಿಯಿಂದ, ಹಿಂದೆ ರೆಟಿನಾ ಕಳಚಿದೆಯೇ ಎಂದು ನೋಡುತ್ತಾರೆ. ಅಲ್ಲಿಯವರೆಗೆ ತಲೆದಿಂಬು ಎತ್ತರಿಸಿ ಮಲಗಿಸಿ, ರಕ್ತ ಕೆಳಗೆ ತಂಗುತ್ತದೆ. ಸಕ್ಕರೆಯ ಅಥವಾ ರಕ್ತ ತೆಳುವಾಗಿಸುವ ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ. ಚಿಕಿತ್ಸೆ ಲೇಸರ್, ಕಣ್ಣೊಳಗಿನ ಇಂಜೆಕ್ಷನ್ ಅಥವಾ ವಿಟ್ರಿಯಸ್ಸನ್ನು ತೆಗೆಯುವ ವಿಟ್ರೆಕ್ಟಮಿ ಆಪರೇಷನ್ ಇರಬಹುದು. ಬಿಪಿಎಲ್ ಕಾರ್ಡ್ ಇದ್ದರೆ ಜೊತೆಗಿರಲಿ. ಆಯುಷ್ಮಾನ್ ಯೋಜನೆಯಡಿ ಏನು ಸಿಗುತ್ತದೆ ಎಂದು ಸರ್ಕಾರಿ ಆಸ್ಪತ್ರೆಯ ಕೌಂಟರಿನಲ್ಲಿ ಮೊದಲೇ ವಿಚಾರಿಸಿ. ಸಕ್ಕರೆ ಕಾಯಿಲೆ ಇರುವವರೆಲ್ಲ ದೃಷ್ಟಿ ಚೆನ್ನಾಗಿದ್ದರೂ ವರ್ಷಕ್ಕೊಮ್ಮೆ ಪಾಪೆ ಹಿಗ್ಗಿಸಿ ರೆಟಿನಾ ತೋರಿಸಬೇಕು.

ಆಳಂದದ ವಿದ್ಯಾರ್ಥಿ

ನನಗೆ 24. ಸಕ್ಕರೆ ಇಲ್ಲ, ಕನ್ನಡಕ ಇಲ್ಲ. ಕಳೆದ ವರ್ಷವೂ ಈ ವರ್ಷವೂ ಒಂದು ಕಣ್ಣಿನಲ್ಲಿ ಹಠಾತ್ತಾಗಿ ಕಪ್ಪು ಚುಕ್ಕೆಗಳ ಮಳೆಯಾಗಿ ಕೆಲವು ವಾರಗಳಲ್ಲಿ ತಿಳಿಯಾಯಿತು. ಮೊಬೈಲ್ ಹೆಚ್ಚು ನೋಡುತ್ತೀಯ ಎಂದು ಮನೆಯಲ್ಲಿ ಬೈಯುತ್ತಾರೆ.

ನೇತ್ರ ವೈದ್ಯೆ (ನಿವೃತ್ತ)

ತಮ್ಮಾ, ಮೊಬೈಲಿನಿಂದ ಹೀಗಾಗುವುದಿಲ್ಲ. ತಾನಾಗಿ ತಿಳಿಯಾಯಿತು ಎಂದು ಬಿಡಬೇಡ. ಇಪ್ಪತ್ತು, ಮೂವತ್ತರ ವಯಸ್ಸಿನ ಗಂಡು ಹುಡುಗರಲ್ಲಿ ರೆಟಿನಾದ ರಕ್ತನಾಳಗಳು ಉರಿಯೂತದಿಂದ ಮುಚ್ಚಿ, ಮತ್ತೆ ಮತ್ತೆ ರಕ್ತ ಸೋರುವ ಈಲ್ಸ್ ಕಾಯಿಲೆ ಎಂಬುದೊಂದು ನಮ್ಮ ದೇಶದಲ್ಲಿ ಗಣನೀಯವಾಗಿ ಕಾಣುತ್ತದೆ. 1880ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಹೆನ್ರಿ ಈಲ್ಸ್ ವಿವರಿಸಿದ್ದರಿಂದ ಆ ಹೆಸರು. ಕ್ಷಯದ ರೋಗಾಣುವಿಗೆ ದೇಹ ತೋರುವ ಪ್ರತಿಕ್ರಿಯೆಯೊಡನೆ ಇದಕ್ಕೆ ಸಂಬಂಧವಿದೆ ಎಂದು ಭಾವಿಸಲಾಗಿರುವುದರಿಂದ ಕ್ಷಯಕ್ಕಾಗಿ ಚರ್ಮದಲ್ಲಿ ಮಾಡುವ ಮಾಂಟೂ ಪರೀಕ್ಷೆ, ಎದೆಯ ಎಕ್ಸ್‌ರೇ ಮಾಡಿಸುತ್ತಾರೆ. ನಿನಗೆ ಇದೇ ಇದೆ ಎಂದು ಇಲ್ಲಿ ಕೂತು ಹೇಳಲಾರೆ; ರೆಟಿನಾ ನೋಡಿದವರು ಹೇಳಬೇಕು. ಒಂದು ಕಣ್ಣಿನಲ್ಲಿ ಶುರುವಾದದ್ದು ಇನ್ನೊಂದಕ್ಕೂ ಬರುವುದು ಸಾಮಾನ್ಯ, ಹಾಗಾಗಿ ಎರಡೂ ಕಣ್ಣುಗಳನ್ನು ತೋರಿಸು.

ಸೂಪರ್ ಮಾರ್ಕೆಟ್ ಪಕ್ಕದ ಅಂಗಡಿಯವರು

ವಾಟ್ಸ್‌ಆ್ಯಪಿನಲ್ಲಿ ಅನಾನಸ್ ತಿಂದರೆ ಫ್ಲೋಟರ್ಸ್ ಕರಗುತ್ತವೆ ಎಂದು ಬಂದಿದೆ. ಕರಗಿಸುವ ಡ್ರಾಪ್ಸ್ ಕೂಡ ಮಾರಾಟಕ್ಕಿವೆ. ನಿಜವೇ?

ನೇತ್ರ ತಪಾಸಕಿ, ಕಲಬುರಗಿ

ಅನಾನಸ್ ರುಚಿಗೆ ತಿನ್ನಿ, ಸಕ್ಕರೆ ಕಾಯಿಲೆ ಇದ್ದರೆ ಅದನ್ನೂ ನೋಡಿಕೊಂಡು ತಿನ್ನಿ. ಫ್ಲೋಟರ್ ಕರಗಿಸುತ್ತದೆ ಎಂಬುದಕ್ಕೆ ನಂಬಬಹುದಾದ ಆಧಾರವಿಲ್ಲ. ಹಾಗೆ ಕರಗಿಸುವುದೆಂದು ಸಾಬೀತಾದ ಹನಿಯೂ ಇಲ್ಲ. ನಿರುಪದ್ರವಿ ಚುಕ್ಕೆಗಳನ್ನು ಮಿದುಳು ಕೆಲವು ತಿಂಗಳಲ್ಲಿ ಗಮನಿಸುವುದನ್ನೇ ಬಿಡುತ್ತದೆ, ಅವು ದೃಷ್ಟಿಯ ನಡುವಿನಿಂದ ಸರಿದೂ ಹೋಗುತ್ತವೆ. ಓದಲು, ವಾಹನ ಓಡಿಸಲು ಆಗದಷ್ಟು ಕಾಡಿದವರಿಗೆ ಚುಕ್ಕೆಯನ್ನು ಒಡೆಯುವ ಯಾಗ್ ಲೇಸರ್ ಅಥವಾ ವಿಟ್ರೆಕ್ಟಮಿ ಇದೆ. ಮೊದಲನೆಯದು ಎಲ್ಲ ಬಗೆಯ ಚುಕ್ಕೆಗೂ ಒದಗುವುದಿಲ್ಲ. ಎರಡನೆಯದರಿಂದ ಮೋತಿಬಿಂದು ಬೇಗ ಬರುವ, ರೆಟಿನಾ ಹರಿಯುವ ಅಪಾಯವಿರುವುದರಿಂದ ಬರೀ ಕಿರಿಕಿರಿಗೆಂದು ಅದಕ್ಕೆ ಕೈಹಾಕುವ ಡಾಕ್ಟರು ಕಡಿಮೆ.

ಚುಕ್ಕೆಗಳ ಜೊತೆ ಕಣ್ಣು ಕೆಂಪಾಗಿ, ನೋವಾಗಿ, ಬೆಳಕು ನೋಡಲಾಗದಿದ್ದರೆ ಅದು ಕಣ್ಣೊಳಗಿನ ಉರಿಯೂತವಿರಬಹುದು. ಮೋತಿಬಿಂದು ಆಪರೇಷನ್ ಆದ ಕೆಲವೇ ದಿನಗಳಲ್ಲಿ ಹೀಗಾದರೆ ಸೋಂಕು ಎಂದೇ ತಿಳಿದು ಆ ಗಳಿಗೆಯೇ ಹೋಗಬೇಕು. ಎರಡೂ ಕಣ್ಣಿನಲ್ಲಿ ಅಂಕುಡೊಂಕು ಗೆರೆ ಮಿನುಗುತ್ತ ದೊಡ್ಡದಾಗಿ, ಅರ್ಧ ಗಂಟೆಯೊಳಗೆ ಹೋಗಿ ತಲೆನೋವು ಬಂದರೆ ಅದು ಹೆಚ್ಚಾಗಿ ಮೈಗ್ರೇನ್, ರೆಟಿನಾದ್ದಲ್ಲ.

ಬೀದರಿನ ಗೃಹಿಣಿ

ಒಂದು ವಿಷಯ ಬಿಟ್ಟುಹೋಗಿತ್ತು. ನಮ್ಮವರ ಕಣ್ಣೊಳಗೆ ಗ್ಯಾಸ್ ತುಂಬಿ ಬೋರಲು ಮಲಗಿಸಿದ್ದರು. ಆ ಗ್ಯಾಸ್ ಹೀರಿಹೋಗುವವರೆಗೆ ವಿಮಾನ ಹತ್ತಕೂಡದು ಎಂದು ಕೈಗೆ ಪಟ್ಟಿ ಕಟ್ಟಿದ್ದರು. ಮೇಲೆ ಗಾಳಿಯ ಒತ್ತಡ ಇಳಿದಾಗ ಗ್ಯಾಸ್ ಹಿಗ್ಗಿ ಕಣ್ಣಿನ ಒತ್ತಡ ಏರುತ್ತದೆಯಂತೆ. ಈಗ ಕಲಬುರಗಿಯಲ್ಲೂ ಬೀದರಿನಲ್ಲೂ ವಿಮಾನ ನಿಲ್ದಾಣ ಇರುವುದರಿಂದ ಹೇಳಿದೆ.

ಬ್ರಹ್ಮಪುರದ ಶಿಕ್ಷಕ

ಕೊನೆಯದಾಗಿ ಕೇಳುತ್ತೇನೆ. ಎಡಗಣ್ಣಿಗೂ ಇದೇ ಗತಿಯೇ?

ನೇತ್ರ ವೈದ್ಯೆ (ನಿವೃತ್ತ)

ಎಡಗಣ್ಣಿನ ವಿಟ್ರಿಯಸ್ ಕೂಡ ಒಂದಲ್ಲ ಒಂದು ದಿನ ಕಳಚುತ್ತದೆ, ಅನೇಕರಲ್ಲಿ ಕೆಲವೇ ವರ್ಷಗಳ ಅಂತರದಲ್ಲಿ. ಕಳಚಿದರೆ ಹರಿಯಲೇಬೇಕೆಂದಿಲ್ಲ. ಆದರೆ ನಿಮ್ಮ ನಂಬರು ಹೆಚ್ಚು, ಒಂದು ಕಣ್ಣಿನಲ್ಲಿ ಆಗಲೇ ಹರಕು ಆಗಿದೆ. ಆದ್ದರಿಂದ ಮರುಪರೀಕ್ಷೆಗೆ ಹೋದಾಗ ಎಡಗಣ್ಣಿನ ಅಂಚಿನಲ್ಲಿ ರೆಟಿನಾ ತೆಳುವಾದ ಜಾಗಗಳಿವೆಯೇ ಎಂದು ಕೇಳಿ ಬರೆಸಿಕೊಳ್ಳಿ. ಆ ಚೀಟಿಯನ್ನು ಕನ್ನಡಕದ ಡಬ್ಬಿಯಲ್ಲಿಡಿ. ಎಡಗಣ್ಣಿನಲ್ಲಿ ಹೊಸ ಚುಕ್ಕೆಗಳು ಅಥವಾ ಮಿಂಚು ಬಂದ ದಿನ ಎದುರಿಗೆ ಯಾವ ಡಾಕ್ಟರು ಕೂತಿದ್ದರೂ ಮೊದಲು ಅದನ್ನೇ ತೋರಿಸಿ.